ಆರನೇ ಹಾಡಿನ ಹೇಸರಗತ್ತೆ

ಬುಧವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ವೆಂಡಲ್ ಟಿಪ್ಟನ್‌ನ ಕಣ್ಣಿಗೆ ಬಿದ್ದದ್ದು ಕೆಂಪು ಬಾವುಟಗಳು. ಕಳಿಸುವ ಕಾಗದ ಇದ್ದರೆ ಮನೆಯವರು ಅಂಚೆಪೆಟ್ಟಿಗೆಯ ಪಕ್ಕದ ತಗಡಿನ ಬಾವುಟವನ್ನು ಎತ್ತಿ ನಿಲ್ಲಿಸುತ್ತಾರೆ. ಸಾರ್ಡಿಸ್ ಫೋರ್ಕ್ ಊರಿನ ಎರಡನೇ ಮಾರ್ಗದಲ್ಲಿ ಒಟ್ಟು ನಾನೂರ ಹನ್ನೆರಡು ಪೆಟ್ಟಿಗೆ. ದಿನಕ್ಕೆ ಹದಿನೈದು ಬಾವುಟ ಎದ್ದರೆ ಹೆಚ್ಚು. ಅವತ್ತು ಮೊದಲ ತಿರುವಿನಲ್ಲೇ ಹನ್ನೊಂದು ಎದ್ದಿದ್ದವು.

ವೆಂಡಲ್ ಮೊದಲ ಪೆಟ್ಟಿಗೆ ತೆರೆದ. ಲಕೋಟೆಯ ಮೇಲೆ ಬರೆದಿತ್ತು: 'ನೈನ್ ಟನ್ ಪೀಚ್ ತಂಡದ ವೆಂಡಲ್ ಟಿಪ್ಟನ್‌ಗೆ. ತುರ್ತು.' ಎರಡನೆಯದೂ ಅವನಿಗೇ. ಹನ್ನೊಂದೂ ಅವನಿಗೇ. ಮೂರಕ್ಕೆ ಸ್ಟ್ಯಾಂಪ್ ಕೂಡ ಹಚ್ಚಿರಲಿಲ್ಲ. ಹೇಗೂ ಅವನ ಕೈಗೇ ಹೋಗುವುದಲ್ಲವೇ, ಸರ್ಕಾರಕ್ಕೆ ಯಾಕೆ ದಂಡ ಎಂದು ಬಿಟ್ಟಿದ್ದರು.

ಹನ್ನೊಂದನ್ನೂ ಅಂಗಿಯ ಜೇಬಿಗೆ ತುರುಕಿಕೊಂಡ. ಬೇರೆಲ್ಲಿ ಹಾಕುವುದು? ಊರಿಗೆಲ್ಲ ಕಾಗದ ಹಂಚುವ ವೆಂಡಲ್‌ಗೆ ಸ್ವಂತ ಪೆಟ್ಟಿಗೆ ಇರಲಿಲ್ಲ. ಅವನೂ ಅವನ ತಾಯಿ ಅರ್ಲೀನ್‌ಳೂ ಇದ್ದ ಮನೆ ಅಂಚೆ ಕಚೇರಿಯ ಬೆನ್ನಿಗೇ ಅಂಟಿಕೊಂಡಿತ್ತು. ಅಷ್ಟು ಹತ್ತಿರದ ಮನೆಗಳಿಗೆ ಬಟವಾಡೆ ಇಲ್ಲ, ಕೌಂಟರಿನಲ್ಲೇ ಬಂದು ತೆಗೆದುಕೊಳ್ಳಬೇಕು.

ಹಿಂದಿನ ದಿನ, ಮಂಗಳವಾರ, ಅರವತ್ತಮೂರು ಚೌಕ ಪೊಟ್ಟಣಗಳನ್ನು ಈ ಮಾರ್ಗದಲ್ಲಿ ಹಂಚಿದವನೂ ವೆಂಡಲ್ಲೇ. ಒಳಗಿದ್ದದ್ದು ನೈನ್ ಟನ್ ಪೀಚ್‌ನ ಎರಡನೇ ಡಿಸ್ಕ್. ಹೆಸರು 'ಯಾರೂ ಅಲ್ಲ'. ಒಂಬತ್ತು ಹಾಡು, ನಲವತ್ತೇಳು ನಿಮಿಷ. ಜಾರ್ಜಿಯಾದ ಕೆಂಪುಮಣ್ಣಿನ ಸಂಗೀತವನ್ನು ಟ್ರ್ಯಾಕ್ಟರಿನ ಇಂಜಿನ್ನಿಗೆ ಕಟ್ಟಿ ಎಳೆದರೆ ಎಂಥ ಸದ್ದು ಬರುತ್ತದೋ ಅಂಥ ಸದ್ದು ಆ ತಂಡದ್ದು. ಅದರಲ್ಲಿ ವೆಂಡಲ್ ಬಾರಿಸುವುದು ಬೇಸ್ ಗಿಟಾರು. ಹಾಡು ಕಟ್ಟುವುದೂ ಹಾಡುವುದೂ ಡಾರ್ಲಾ ಪ್ರೂಯಿಟ್. ಅವಳು ಪಕ್ಕದ ಕೌಂಟಿಯಲ್ಲಿ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುತ್ತಾಳೆ. ಅಲ್ಲಿಗೆ ಬೇರೆ ಅಂಚೆ ಮಾರ್ಗ. ಹಾಗಾಗಿ ಕೇಳುಗರ ಕೈಗೆ ದಿನಾ ಸಿಗುವ ತಂಡದ ಸದಸ್ಯ ವೆಂಡಲ್ ಒಬ್ಬನೇ.

ಎರಡು ವರ್ಷದ ಹಿಂದೆ ಬಂದ ಮೊದಲ ಡಿಸ್ಕ್‌ಗೆ 'ನೆರೆಹೊರೆ' ಎಂದು ಹೆಸರು. ಅದರಲ್ಲಿ ಡಾರ್ಲಾ ಊರವರನ್ನೇ ಹೆಸರು ಹಿಡಿದು ಹಾಡಿದ್ದಳು. ಬಾರ್ಬೆಕ್ಯೂ ಅಂಗಡಿಯ ಹಾಲಿಸ್ ಬ್ರಾಸ್‌ವೆಲ್ ಹಂದಿಯ ಪಕ್ಕೆಲುಬನ್ನು ಹೊಗೆಗೆ ಇಡುವ ಮೊದಲು ನೀರಲ್ಲಿ ಬೇಯಿಸುತ್ತಾನೆ ಎಂದು ಒಂದು ಹಾಡು. ಬ್ಯೂಟಿ ಪಾರ್ಲರಿನ ಮಿಸ್ ವೀಡಾ ಸ್ಟ್ಯಾನ್ಸಿಲ್ ಚರ್ಚಿಗೆ ತರುವ ಕೇಕು ಅಂಗಡಿಯ ಡಬ್ಬಿ ಹಿಟ್ಟಿನದು ಎಂದು ಇನ್ನೊಂದು. ಚರ್ಚಿನ ಹಿರಿಯ ಡೀಕನ್ ಲೂಥರ್ ಗ್ರೈಮ್ಸ್ ಪ್ರಾರ್ಥನೆಯಲ್ಲಿ ಕಣ್ಣು ತೆರೆದೇ ನಿದ್ದೆ ಹೊಡೆಯುತ್ತಾರೆ ಎಂದು ಮತ್ತೊಂದು. ನಮ್ಮ ಕಡೆ ಕೊಲೆಯ ಆರೋಪವನ್ನಾದರೂ ಸಹಿಸಿಯಾರು, ಪಕ್ಕೆಲುಬನ್ನು ನೀರಲ್ಲಿ ಬೇಯಿಸಿದ ಆರೋಪವನ್ನು ಸಹಿಸಲಾರರು. ಊರು ಕೆಂಡವಾಯಿತು. ಡಾರ್ಲಾ ಕೈಗೆ ಸಿಗಲಿಲ್ಲ. ಸಿಕ್ಕಿದವಳು ಅರ್ಲೀನ್.

ಅರ್ಲೀನ್ ಮೂವತ್ತೊಂದು ವರ್ಷದಿಂದ ಚರ್ಚಿನ ಪಿಯಾನೋ ನುಡಿಸುತ್ತಿದ್ದವಳು. ಸಂಗೀತ ಸಮಿತಿ ಅವಳಿಗೆ 'ವಿಶ್ರಾಂತಿ' ಕೊಟ್ಟು ಪಿಯಾನೋ ಬೆಂಚಿನಿಂದ ಎಬ್ಬಿಸಿ ಮೂರನೇ ಸಾಲಿನಲ್ಲಿ ಕೂರಿಸಿತು. ಹನ್ನೊಂದು ತಿಂಗಳು ಡೀಕನ್ನರ ಅಕ್ಕನ ಮಗಳು ಎಲ್ಲ ಭಕ್ತಿಗೀತೆಗಳನ್ನೂ ಹಸು ಮೆಲುಕು ಹಾಕಿದ ಹಾಗೆ ನುಡಿಸಿದಳು. ಈಸ್ಟರ್‌ಗೆ ಅರ್ಲೀನ್‌ಗೆ ಬೆಂಚು ವಾಪಸು ಸಿಕ್ಕಿತು, ಆದರೆ ಷರತ್ತಿನ ಮೇಲೆ. ಎರಡನೇ ಡಿಸ್ಕ್ ಬಂದ ವಾರದ ಬುಧವಾರವೇ ಚರ್ಚಿನ ಸಂಜೆಯೂಟ ಮುಗಿದ ಮೇಲೆ ಐವರ ಸಮಿತಿ ಮತ ಹಾಕುತ್ತದೆ. ಊರಿಗೆ ಮತ್ತೆ ಬೇಸರವಾಗಿದ್ದರೆ ಬೆಂಚು ಖಾಯಂ ಆಗಿ ಹೋಗುತ್ತದೆ.

ಅದಕ್ಕೇ ವೆಂಡಲ್ ಡಾರ್ಲಾಳಿಂದ ಆಣೆ ಹಾಕಿಸಿಕೊಂಡಿದ್ದ. "ನನ್ನ ಮಾರ್ಗದಲ್ಲಿ ಪೆಟ್ಟಿಗೆ ಇರೋ ಒಬ್ಬರೂ ಈ ಸಲ ಹಾಡಲ್ಲಿ ಬರಬಾರದು. ಹೆಸರೂ ಬೇಡ, ನೆರಳೂ ಬೇಡ." ಡಾರ್ಲಾ ಹೂಂ ಎಂದಿದ್ದಳು. ಮಾತು ಕೊಟ್ಟರೆ ತಪ್ಪುವವಳಲ್ಲ.

ಹಾಗಿದ್ದ ಮೇಲೆ ಈ ಹನ್ನೊಂದು ಬಾವುಟ ಯಾತಕ್ಕೆ?

ಉತ್ತರ ಹಾಲಿಸ್ ಬ್ರಾಸ್‌ವೆಲ್‌ನ ಪೆಟ್ಟಿಗೆಯ ಬಳಿ ನಿಂತಿತ್ತು. ಹಾಲಿಸ್ ಸಮಿತಿಯ ಸದಸ್ಯ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಡಿಸ್ಕ್ ಜೊತೆ ಬಂದ ಹಾಡುಗಳ ಹಾಳೆ. ಹಾಳೆಗೆ ಆಗಲೇ ಜಿಡ್ಡು ಹಿಡಿದಿತ್ತು.

ವೆಂಡಲ್ ಕಾರು ನಿಲ್ಲಿಸಿದ. ಸ್ಟೀರಿಂಗ್ ಇರುವುದು ಎಡಕ್ಕೆ, ಪೆಟ್ಟಿಗೆಗಳಿರುವುದು ಬಲಕ್ಕೆ. ಹಾಗಾಗಿ ಅವನು ಬಲಗಡೆಯ ಸೀಟಿನಲ್ಲಿ ಕೂತು, ಎಡಗಾಲನ್ನು ಆಚೆ ಚಾಚಿ ಪೆಡಲ್ ತುಳಿದು, ಎಡಗೈಯಲ್ಲಿ ಸ್ಟೀರಿಂಗ್ ತಿರುಗಿಸಿ, ಬಲಗೈಯಲ್ಲಿ ಕಾಗದ ಹಾಕುತ್ತ ಹೋಗುವವನು. ಹದಿನಾಲ್ಕು ವರ್ಷದಿಂದ ಹೀಗೇ.

"ಲೋ ವೆಂಡಲ್, ನಾನೆಲ್ಲೋ?" ಎಂದ ಹಾಲಿಸ್.

"ಇಲ್ಲೇ ನಿಂತಿದ್ದೀರಲ್ಲ, ಮಿಸ್ಟರ್ ಹಾಲಿಸ್."

"ಡಿಸ್ಕಲ್ಲಿ ಕಣೋ! ರಾತ್ರಿ ಎರಡು ಸಲ ಹಾಕ್ಕೊಂಡು ಕೇಳಿದ್ದೀನಿ. ನನ್ನ ಹೆಂಡ್ತಿ ತಲೆಗೆ ಟವಲ್ ಸುತ್ಕೊಂಡು ಹಟ್ಟೀಲಿ ಹೋಗಿ ಕೂತ್ಲು. ಒಂದ್ ಕಡೆ ಆದ್ರೂ ಹಾಲಿಸ್ ಅನ್ನೋ ಹೆಸರಿದ್ಯಾ? ಹೋಗ್ಲಿ, ಪಕ್ಕೆಲುಬು ಅನ್ನೋ ಮಾತಾದ್ರೂ ಇದ್ಯಾ?"

"ನಿಮಗೆ ಬೇಜಾರಾಗಬಾರದು ಅಂತಾನೇ..."

"ಬೇಜಾರು ಈಗ ಆಗ್ತಿದೆ! ಆ ಹಳೇ ಹಾಡು ಕೇಳಿ ಅಟ್ಲಾಂಟಾದಿಂದ ಗಡ್ಡದ ಹುಡುಗ್ರು ಬಂದು 'ನೀರಲ್ಲಿ ಬೇಯಿಸಿದ್ದು ಇದ್ಯಾ' ಅಂತ ಕೇಳ್ತಿದ್ರು. 'ನೀರು ಮುಟ್ಟಿಸಿಲ್ಲ, ಬೇಕಾದ್ರೆ ಹೊಗೆಗೂಡು ನೋಡಿ' ಅಂತ ಬೋರ್ಡ್ ಹಾಕಿಸಿದ್ದೀನಿ. ಈಗ ಆ ಬೋರ್ಡ್ ಓದಿದೋರು ಏನಂತಾರೆ? ಯಾರೂ ಕೇಳದೇನೇ ಈ ಮುದುಕ ಯಾಕೆ ಆಣೆ ಇಡ್ತಿದ್ದಾನೆ ಅಂತಾರೆ! ಸಂಜೆ ಮತ ಹಾಕುವಾಗ ಮಾತಾಡ್ತೀನಿ ಬಿಡು."

ವೆಂಡಲ್‌ನ ಕಣ್ಣ ಮುಂದೆ ಅಮ್ಮ ಮೂರನೇ ಸಾಲಿನಲ್ಲಿ ಕೂತು ಮಡಿಲಿನ ಮೇಲೆ ಬೆರಳಾಡಿಸುತ್ತಿದ್ದದ್ದು ಬಂದು ನಿಂತಿತು. ಹಾಲಿಸ್‌ನ ಕೈಯಿಂದ ಹಾಳೆ ತೆಗೆದುಕೊಂಡ. ಸಾಹಿತ್ಯವನ್ನು ಅವನು ಓದುತ್ತಿದ್ದದ್ದು ಅದೇ ಮೊದಲು. ಅಭ್ಯಾಸದಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಡ್ರಮ್ಮಿನವನ ಮೊಣಕೈ ನೋಡಿ ಬಾರಿಸುವವನು ಅವನು. ಡಾರ್ಲಾ ಏನು ಹಾಡುತ್ತಾಳೆ ಎಂಬುದು ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ. ಆರನೇ ಹಾಡಿನ ಮೇಲೆ ಕಣ್ಣು ನಿಂತಿತು.

'ದಿನಾ ಅದೇ ಸುತ್ತು, ಅದೇ ಧೂಳು, ಕಣ್ಣು ಮುಚ್ಚಿದರೂ ಕಾಲಿಗೆ ಗೊತ್ತು ದಾರಿ.
ಬಲಕ್ಕೆ ವಾಲಿದ ಬೆನ್ನು, ಬಾಯಿ ಹೊಲಿದ ಮೂಟೆ, ಒಳಗೇನಿದೆ ಎಂದು ಕಿವಿಗೆ ಗೊತ್ತು.
ಬೇಲಿಯ ಆಚೆಗೊಂದು ಕಿವಿ, ಈಚೆಗೊಂದು ಕಿವಿ.
ಎಲ್ಲ ಗೇಟಿಗೂ ಗೋಣು ಹಾಕುವ ಹೇಸರಗತ್ತೆ,
ನಿನ್ನ ಮನೆಗೆ ನೀನೇನು ಹೊತ್ತೆ?'

ಹಾಲಿಸ್‌ಗೆ ಹೋದ ವರ್ಷ ಸೊಂಟದ ಶಸ್ತ್ರಚಿಕಿತ್ಸೆ ಆಗಿತ್ತು. ನಿಂತರೆ ಬಲಕ್ಕೆ ವಾಲುತ್ತಿದ್ದ.

"ಮಿಸ್ಟರ್ ಹಾಲಿಸ್," ಎಂದ ವೆಂಡಲ್ ದನಿ ತಗ್ಗಿಸಿ, "ಹೇಳಬಾರದು ಅಂತಿತ್ತು. ಬಲಕ್ಕೆ ವಾಲಿದ ಬೆನ್ನು ಅಂದ್ರೆ ಯಾರು ಅಂದ್ಕೊಂಡ್ರಿ?"

ಹಾಲಿಸ್ ಹಾಳೆ ನೋಡಿದ. ತನ್ನ ಸೊಂಟ ನೋಡಿಕೊಂಡ. "ನಾನಾ? ಹೇಸರಗತ್ತೇನಾ?"

"ಹೆಸರು ಹಾಕೋ ಹಾಗಿರಲಿಲ್ಲ, ಅದಕ್ಕೇ ಮುಚ್ಚಿಟ್ಟು ಬರೆದಿರೋದು."

"ಹಾಗಾದ್ರೆ ಈ ಎಲ್ಲ ಗೇಟಿಗೂ ಗೋಣು ಹಾಕೋದು?"

"ಗಿರಾಕಿಗಳು ಸಾಸಿವೆ ಸಾಸ್ ಒಳ್ಳೇದು ಅಂದ್ರೂ ಹೂಂ ಅಂತೀರಿ, ವಿನೆಗರ್ ಸಾಸ್ ಒಳ್ಳೇದು ಅಂದ್ರೂ ಹೂಂ ಅಂತೀರಿ."

ಹಾಲಿಸ್‌ನ ಮುಖ ಬೆಣ್ಣೆ ಇಟ್ಟ ಬಿಸಿ ಬನ್ನಿನ ಹಾಗೆ ಅರಳಿತು. "ಲೇ, ಅವಳಿಗೆ ಏನ್ ಕಣ್ಣೋ! ನನ್ನ ಮತ ನಿಮ್ಮಮ್ಮಂಗೇ."

"ಯಾರಿಗೂ ಹೇಳ್ಬೇಡಿ."

"ಹಂದಿ ಮೇಲಾಣೆ," ಎಂದ ಹಾಲಿಸ್.

ಒಂದು ಮತ ಬಂತು ಎಂದು ವೆಂಡಲ್ ಉಸಿರು ಬಿಟ್ಟ. ಆ ಉಸಿರು ಮುಗಿಯುವುದರೊಳಗೆ ಮಿಸ್ ವೀಡಾಳ ಪಾರ್ಲರು ಬಂತು. ಒಳಗೆ ಒಂದು ತಲೆಯನ್ನು ಅರ್ಧ ಸುರುಳಿ ಸುತ್ತಿ ಬಿಟ್ಟು, ಬಾಚಣಿಗೆ ಹಿಡಿದು ಅವಳು ರಸ್ತೆಗೇ ಬಂದಿದ್ದಳು. ಅವಳೂ ಸಮಿತಿಯವಳೇ.

"ಪಾಪ, ದೇವ್ರು ನಿನಗೆ ಒಳ್ಳೇದ್ ಮಾಡ್ಲಿ ವೆಂಡಲ್," ಎಂದಳು.

ಮಿಸ್ ವೀಡಾ ಹೀಗೆ ಹರಸಿದವರಾರೂ ಈವರೆಗೆ ಉದ್ಧಾರವಾಗಿರಲಿಲ್ಲ.

"ಏನಾಯ್ತು ಮೇಡಂ?"

"ಏನೂ ಆಗಿಲ್ಲ. ಅದೇ ನನ್ನ ತಕರಾರು. ಮೊದಲ್ನೇ ಡಿಸ್ಕಲ್ಲಿ ನನ್ನ ಕೇಕಿನ ಮಾನ ತೆಗೆದ್ರಿ. ನಲವತ್ತು ವರ್ಷದ ಕೇಕು! ಆಮೇಲೆ ಟೆನ್ನೆಸೀಯಿಂದ ಮೂರು ಕಾಗದ ಬಂತು, ಯಾವ ಡಬ್ಬಿ ಅಂತ ಕೇಳಿ. ನಾನು ಮೂವರಿಗೂ ನಾಲ್ಕು ನಾಲ್ಕು ಪುಟ ಬರೆದು ಮುಖಕ್ಕೆ ಹೊಡೆದ ಹಾಗೆ ಉತ್ತರ ಕಳ್ಸಿದ್ದೀನಿ. ಆ ಸಿಟ್ಟಲ್ಲಿ ನನ್ನ ಬಿಪಿ ಸರಿಹೋಗಿತ್ತು ಕಣೋ! ಈಗ ಒಂಬತ್ತು ಹಾಡು ಹಾಡಿದ್ದೀರಿ, ಎಲ್ಲಾ ಯಾರೋ ಪರವೂರಿನವರ ಬಗ್ಗೆ. ಬೈಯೋಕಾದ್ರೂ ಊರಲ್ಲಿ ಜನ ಇರಲಿಲ್ವಾ?"

ವೆಂಡಲ್ ಸುತ್ತಮುತ್ತ ನೋಡಿದ. "ಮಿಸ್ ವೀಡಾ, ಆರನೇ ಹಾಡು ಸರಿಯಾಗಿ ಓದಿದ್ರಾ? 'ಬಾಯಿ ಹೊಲಿದ ಮೂಟೆ, ಒಳಗೇನಿದೆ ಎಂದು ಕಿವಿಗೆ ಗೊತ್ತು.' ಈ ಕೌಂಟಿಯಲ್ಲಿ ಯಾರ ಮನೇಲಿ ಏನಿದೆ ಅಂತ ಯಾರ ಕಿವಿಗೆ ಗೊತ್ತು?"

ಬಾಚಣಿಗೆ ನಿಂತಿತು. "ನಾನು ಕತ್ತೆನಾ?"

"ಹೇಸರಗತ್ತೆ. ಅದು ಬೇರೆ ಮೇಡಂ. ತುಂಬಾ ತಾಳ್ಮೆ ಇರೋ ಪ್ರಾಣಿ."

"ಎಷ್ಟು ಧೈರ್ಯ ಅವಳಿಗೆ!" ಎಂದಳು ಮಿಸ್ ವೀಡಾ. ಕೆನ್ನೆ ಕೆಂಪಾಯಿತು, ಕಣ್ಣು ಹೊಳೆಯಿತು. ಬಿಪಿ ಸರಿಹೋಗುತ್ತಿರುವುದು ವೆಂಡಲ್‌ಗೆ ಕಣ್ಣಾರೆ ಕಂಡಿತು. "ನಾಲ್ಕು ಪುಟ ಬರೀತೀನಿ ನೋಡು ಅವಳಿಗೆ. ನಿಮ್ಮಮ್ಮನ ಬೆಂಚಿನ ವಿಷಯ ನನಗೆ ಬಿಡು."

ಆಮೇಲೆ ವೆಂಡಲ್‌ಗೆ ಕೈ ಕುದುರಿತು. ಡೀಕನ್ ಗ್ರೈಮ್ಸ್ ಸಮಿತಿಯ ಅಧ್ಯಕ್ಷರು. ಗೇಟಿಗೆ ಒರಗಿ ನಿಂತು, "ನನ್ನನ್ನ ಇಡೀ ರಾಜ್ಯದ ಮುಂದೆ ನಿದ್ದೆಬುರುಕ ಅಂತ ಕರೆದವ್ರು ಈಗ ಎಚ್ಚರಾಗಿದ್ದೀನೋ ಇಲ್ವೋ ಅಂತ ಒಂದು ಮಾತು ಕೇಳ್ಬೇಡ್ವಾ?" ಎಂದು ಶುರು ಮಾಡುವಷ್ಟರಲ್ಲಿ ವೆಂಡಲ್ಲೇ ಹಾಳೆ ಚಾಚಿ, "'ಕಣ್ಣು ಮುಚ್ಚಿದರೂ ಕಾಲಿಗೆ ಗೊತ್ತು ದಾರಿ' ಅಂತ ಇದ್ಯಲ್ಲ, ಅದರರ್ಥ ನಿದ್ದೆಯಲ್ಲೂ ನೀವು ದೇವರ ದಾರಿ ಬಿಡಲ್ಲ ಅಂತ, ಬ್ರದರ್ ಗ್ರೈಮ್ಸ್," ಎಂದ. ಡೀಕನ್ನರ ಕಣ್ಣಲ್ಲಿ ನೀರು ಬಂತು.

ಉಳಿದವರಿಬ್ಬರು ರಾಯ್ಸ್ ಮತ್ತು ಬಾಯ್ಸ್ ಟೂಟನ್. ಅವಳಿ ಸಹೋದರರು. ಒಂದು ಬೇಲಿಯ ವಿಷಯಕ್ಕೆ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಅವರ ಪೆಟ್ಟಿಗೆಗಳು ಅಕ್ಕಪಕ್ಕದಲ್ಲೇ ಇದ್ದರೂ ಬಾಯಿಗಳು ಬೇರೆಬೇರೆ ದಿಕ್ಕಿಗೆ. 'ಬೇಲಿಯ ಆಚೆಗೊಂದು ಕಿವಿ' ನಿಮ್ಮದು ಎಂದು ರಾಯ್ಸ್‌ಗೆ ಹೇಳಿದ. ಎರಡು ನಿಮಿಷ ಬಿಟ್ಟು, ಆ ಕಿವಿ ನಿಮ್ಮದು ಎಂದು ಬಾಯ್ಸ್‌ಗೂ ಹೇಳಿದ. ಇಬ್ಬರೂ ಇನ್ನೊಬ್ಬನಿಗೆ ತಿಳಿಸಬಾರದು ಎಂದು ಮಾತು ತೆಗೆದುಕೊಂಡರು.

ಮೂರೂವರೆಗೆ ಕಚೇರಿಗೆ ಮರಳಿದಾಗ ವೆಂಡಲ್‌ನ ಜೇಬಿನಲ್ಲಿ ನಲವತ್ತು ದೂರಿನ ಕಾಗದ, ಬೊಗಸೆಯಲ್ಲಿ ಐದಕ್ಕೆ ಐದು ಮತ. ಹೇಸರಗತ್ತೆ ಒಂದೇ ದಿನದಲ್ಲಿ ಐದು ಮರಿ ಹಾಕಿತ್ತು. ಪ್ರಾಣಿಶಾಸ್ತ್ರದ ಪ್ರಕಾರ ಅದು ಸಾಧ್ಯವಿಲ್ಲ ಎಂಬುದು ಅವನಿಗೆ ಆಗ ಹೊಳೆಯಬೇಕಿತ್ತು.

ಐದೂವರೆಗೆ ಚರ್ಚಿನ ಊಟದ ಕೋಣೆಯಲ್ಲಿ ಊರೆಲ್ಲ ಸೇರಿತ್ತು. ಹುರಿದ ಕೋಳಿ, ಬೆಣ್ಣೆ ಹಾಕಿದ ಅವರೆಕಾಳು, ಹಾಲಿಸ್‌ನ ಹಂದಿ, ಬಾಳೆಹಣ್ಣಿನ ಪುಡಿಂಗು. ಮಿಸ್ ವೀಡಾಳ ಕೇಕನ್ನು ಯಾರೂ ಏನೂ ಕೇಳದೆ ತಿಂದರು. ಅರ್ಲೀನ್ ಪಿಯಾನೋ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವಳೂ ಬೆಳಗಿನಿಂದ ಯಾಕೋ ಮಾತಾಡಿರಲಿಲ್ಲ. ಬೆಂಚಿನ ಚಿಂತೆ ಇರಬೇಕು ಎಂದುಕೊಂಡ ವೆಂಡಲ್.

ಡೀಕನ್ ಎದ್ದು ನಿಂತರು. "ಮತಕ್ಕೆ ಮೊದಲು ಒಂದು ಮಾತು. ಹೊಸ ಡಿಸ್ಕಲ್ಲಿ ಒಬ್ಬ ಹಿರಿಯನ ಭಕ್ತೀನ ಹೇಸರಗತ್ತೆಯ ರೂಪದಲ್ಲಿ ಹಾಡಿದ್ದಾರೆ. ಆ ಹಿರಿಯ ಯಾರು ಅಂತ ಹೇಳ್ಕೊಳ್ಳೋಕೆ ನನಗೆ ಸಂಕೋಚ..."

"ಸಂಕೋಚ ಬೇಡ, ಯಾಕಂದ್ರೆ ಅದು ನೀವಲ್ಲ," ಎಂದ ಹಾಲಿಸ್. "ಅದು ನಾನು. ಸೊಂಟ ನೋಡಿ."

"ನಿನ್ನ ಸೊಂಟಕ್ಕಿಷ್ಟು!" ಎಂದು ಮಿಸ್ ವೀಡಾ ಎದ್ದಳು. "ಆ ಹೇಸರಗತ್ತೆ ನಾನು! ಬೆಳಗ್ಗೇನೇ ಗೊತ್ತಾಗಿದೆ ನನಗೆ!"

"ನಾನು ಹೇಸರಗತ್ತೆ," ಎಂದ ರಾಯ್ಸ್.

"ಅವನಲ್ಲ, ನಾನು," ಎಂದ ಬಾಯ್ಸ್. ಹನ್ನೊಂದು ವರ್ಷದ ಮೇಲೆ ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡಿದ್ದು ಆಗಲೇ. "ನೀನು ಯಾವತ್ತಾದ್ರೂ ಹೇಸರಗತ್ತೆ ಥರ ದುಡಿದಿದ್ದೀಯೇನೋ?"

"ನೀನು ಹುಟ್ಟಾ ಕತ್ತೆ. ಹೇಸರಗತ್ತೆ ನಾನು!"

ಚರ್ಚಿನ ಐವರು ಮಾನವಂತರು ಪುಡಿಂಗಿನ ಮೇಜಿನ ಸುತ್ತ ನಿಂತು, ಕತ್ತೆ ತಾನು, ತಾನು ಎಂದು ಎದೆ ತಟ್ಟಿಕೊಳ್ಳುತ್ತಿದ್ದದ್ದನ್ನು ಊರು ಚಮಚ ಬಾಯಲ್ಲಿಟ್ಟುಕೊಂಡೇ ನೋಡಿತು. ವೆಂಡಲ್ ಮೆಲ್ಲಗೆ ಬಾಗಿಲ ಕಡೆ ಜರುಗಿದ. ಮಿಸ್ ವೀಡಾಳ ಬಾಚಣಿಗೆ ಅವನ ಅಂಗಿ ಹಿಡಿದು ನಿಲ್ಲಿಸಿತು.

"ನೀನೇ ಹೇಳೋ. ಯಾರು?"

ಅಷ್ಟರಲ್ಲಿ ಬಾಗಿಲು ತೆರೆದು ಡಾರ್ಲಾ ಪ್ರೂಯಿಟ್ ಬಂದಳು. ವೆಲ್ಡಿಂಗ್ ಬಟ್ಟೆಯಲ್ಲೇ ಇದ್ದಳು. ಕೈಯಲ್ಲಿ ಆಲೂಗಡ್ಡೆ ಸಲಾಡ್.

"ಬಂದ್ಲು ಹಾಡು ಕಟ್ಟಿದವಳು. ಹೇಳಮ್ಮ, ಆರನೇ ಹಾಡು ನಮ್ಮಲ್ಲಿ ಯಾರ ಮೇಲೆ?" ಎಂದರು ಡೀಕನ್.

"ನಿಮ್ಮಲ್ಲಾ? ನಿಮ್ಮ ಯಾರ ಮೇಲೂ ಅಲ್ಲ," ಎಂದಳು ಡಾರ್ಲಾ. "ವೆಂಡಲ್‌ಗೆ ಮಾತು ಕೊಟ್ಟಿದ್ದೆ. ಅವನ ಮಾರ್ಗದಲ್ಲಿ ಪೆಟ್ಟಿಗೆ ಇರೋ ಒಬ್ಬರನ್ನೂ ಮುಟ್ಟಲ್ಲ ಅಂತ. ಮುಟ್ಟಿಲ್ಲ."

"ನಮಗೆಲ್ಲಾ ಪೆಟ್ಟಿಗೆ ಇದ್ಯಲ್ಲ," ಎಂದ ಹಾಲಿಸ್.

"ಇದೆ. ಅದಕ್ಕೇ ನೀವಲ್ಲ."

ಇಡೀ ಊರು ಯೋಚಿಸಿತು. ಸಾರ್ಡಿಸ್ ಫೋರ್ಕ್ ಒಟ್ಟಿಗೆ ಯೋಚಿಸುವುದು ಅಪರೂಪ. ಮಿಸ್ ವೀಡಾ ಹಾಳೆ ತೆಗೆದು ನಿಧಾನವಾಗಿ ಓದಿದಳು. "ದಿನಾ ಅದೇ ಸುತ್ತು... ಬಲಕ್ಕೆ ವಾಲಿದ ಬೆನ್ನು... ಬಾಯಿ ಹೊಲಿದ ಮೂಟೆ... ಎಲ್ಲ ಗೇಟಿಗೂ ಗೋಣು ಹಾಕುವ..." ಅವಳ ದನಿ ನಿಂತಿತು. "ನಿನ್ನ ಮನೆಗೆ ನೀನೇನು ಹೊತ್ತೆ?"

ಒಂದೊಂದೇ ತಲೆ ಬಾಗಿಲ ಕಡೆ ತಿರುಗಿತು. ಹದಿನಾಲ್ಕು ವರ್ಷ ಬಲಗಡೆ ಕೂತು ಎಡಗಾಲು ಚಾಚಿದ್ದರಿಂದ, ವೆಂಡಲ್ ಟಿಪ್ಟನ್ ನಿಂತಾಗಲೂ ಬಲಕ್ಕೆ ವಾಲುತ್ತಿದ್ದ. ಈಗಲೂ ವಾಲಿದ್ದ.

"ನಾನಾ?" ಎಂದ.

"ಐದು ಜನಕ್ಕೂ ಹೂಂ ಅಂದ್ಯಲ್ಲೋ ಇವತ್ತು," ಎಂದ ಹಾಲಿಸ್ ಬೆರಗಿನಿಂದ. "ಏನ್ ಕಣ್ಣಪ್ಪ ಅವಳಿಗೆ!"

ನಗು ಹಿಂದಿನ ಸಾಲಿನಿಂದ ಹೊರಟು ಪುಡಿಂಗಿನ ಮೇಜಿನವರೆಗೂ ಉರುಳಿ ಬಂತು. ರಾಯ್ಸ್ ಬಾಯ್ಸ್‌ನ ಭುಜ ಹಿಡಿದು ನಕ್ಕ. ಡೀಕನ್ ಕಣ್ಣು ಮುಚ್ಚಿಕೊಂಡು, ನಿಜವಾಗಿಯೂ ಎಚ್ಚರವಾಗಿದ್ದು, ನಕ್ಕರು.

ವೆಂಡಲ್‌ಗೆ ಕಿವಿಯವರೆಗೂ ಬಿಸಿಯಾಯಿತು. "ಇದು ಅನ್ಯಾಯ! ನಾನು ಹಾಗಿಲ್ಲ! ಡಾರ್ಲಾ, ತೆಗಿ ಆ ಹಾಡನ್ನ. ಊರವರ ಮುಂದೆ ನಾನು ಹೇಗೆ ಮುಖ ತೋರಿಸ್ಲಿ?"

"ಎರಡು ವರ್ಷದ ಹಿಂದೆ ನಾನೂ ಇದೇ ಮಾತು ಅಂದಿದ್ದೆ," ಎಂದಳು ಮಿಸ್ ವೀಡಾ ಅಂಗಿ ಬಿಡುತ್ತ. "ಅಕ್ಷರ ಕೂಡ ಅದೇ. ಪಾಪ, ದೇವ್ರು ನಿನಗೆ ಒಳ್ಳೇದ್ ಮಾಡ್ಲಿ."

ನಗುತ್ತಲೇ ಮತ ಹಾಕಿದರು. ಅರ್ಲೀನ್ ಟಿಪ್ಟನ್ ಬೆಂಚಿನಲ್ಲಿ ಮುಂದುವರಿಯಬೇಕು ಎಂದು ಐದು, ಬೇಡ ಎಂದು ಸೊನ್ನೆ. ಅರ್ಲೀನ್ ಎದ್ದು ಸಮಿತಿಯ ಬಳಿ ಹೋಗಿ ಏನೋ ಎರಡು ಮಾತಾಡಿದಳು. ಆಮೇಲೆ ಡಾರ್ಲಾಳ ಬಳಿ ಹೋಗಿ ಇನ್ನೆರಡು. ವೆಂಡಲ್ ಅದನ್ನು ಕೇಳಲು ನಿಲ್ಲಲಿಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತು ಹಲ್ಲು ಕಡಿದ. ಹೊತ್ತು ಇನ್ನೂ ಮುಳುಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಅರ್ಲೀನ್ ಬಂದು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಜೋರಾಗಿ ಹಾಕಿಕೊಂಡಳು.

"ಹೋಗ್ಲಿ ಬಿಡಮ್ಮ," ಎಂದ ವೆಂಡಲ್. "ನನ್ನ ಮಾನ ಹೋಯ್ತು, ನಿನ್ನ ಬೆಂಚು ಉಳೀತು."

"ಬೆಂಚಿಗೆ ರಾಜೀನಾಮೆ ಕೊಟ್ಟೆ."

"ಏನು? ಬೆಳಗ್ಗಿಂದ ಆ ಬೆಂಚಿಗೋಸ್ಕರ ಎಷ್ಟು ಸುಳ್ಳು ಹೇಳಿದ್ದೀನಿ ಗೊತ್ತಾ ನಿನಗೆ? ಯಾಕೆ?"

"ಯಾಕಾ?" ಅರ್ಲೀನ್ ಬೆಳಗಿನಿಂದ ಕಟ್ಟಿಟ್ಟದ್ದನ್ನೆಲ್ಲ ಬಿಚ್ಚಿದಳು. "ಎರಡು ಡಿಸ್ಕು, ಹದಿನೆಂಟು ಹಾಡು. ಕೇಕಿನವಳಿದ್ದಾಳೆ, ಹಂದಿಯವನಿದ್ದಾನೆ, ನಿದ್ದೆಯವನಿದ್ದಾನೆ. ಅವರ ಹಾಡುಗಳಿಗೆ ಹನ್ನೊಂದು ತಿಂಗಳು ಮೂರನೇ ಸಾಲಲ್ಲಿ ಕೂತವಳು ಯಾರು? ನಾನು! ನನ್ನ ಮೇಲೆ ಒಂದು ಸಾಲಾದ್ರೂ ಇದ್ಯಾ? ನಿನ್ನ ಮಾರ್ಗದವರನ್ನ ಬಿಡಲಿ, ಆಣೆ ಇತ್ತು. ನನಗೆಲ್ಲೋ ಪೆಟ್ಟಿಗೆ ಇದೆ? ಪೆಟ್ಟಿಗೆ ಇಲ್ಲದವರು ಈ ಊರಲ್ಲಿ ನಾವಿಬ್ಬರೇ. ಇಬ್ಬರಲ್ಲಿ ಅವಳಿಗೆ ಕಂಡಿದ್ದು ನೀನು!"

ವೆಂಡಲ್ ಜೇಬಿನ ದೂರಿನ ಕಾಗದಗಳನ್ನು ಇನ್ನಷ್ಟು ಒಳಗೆ ತುರುಕಿಕೊಂಡ.

"ಡಾರ್ಲಾಗೆ ಹೇಳಿದ್ದೀನಿ. ಶನಿವಾರದಿಂದ ನಿಮ್ಮ ತಂಡದಲ್ಲಿ ಪಿಯಾನೋ ನಾನೇ. ಮೂರನೇ ಡಿಸ್ಕಲ್ಲಿ ನನ್ನನ್ನ ಹೇಗೆ ಬಿಡ್ತೀರೋ ನೋಡ್ತೀನಿ. ಕಿವಿಯಿಂದ ಆ ಹತ್ತಿ ತೆಗೆದು ಬಾರಿಸೋದನ್ನ ಕಲಿ. ಅರ್ಧ ತಾಳ ಹಿಂದೆ ಬೀಳ್ತೀಯ."

"ಹೂಂ ಅಮ್ಮ," ಎಂದ ವೆಂಡಲ್. ಅಂದ ಮೇಲೆ ತಾನು ಮತ್ತೆ ಹೂಂ ಎಂದದ್ದು ಗೊತ್ತಾಯಿತು.

ಅರ್ಲೀನ್ ಕೀಲಿ ತಿರುಗಿಸಿದಳು. ಅಭ್ಯಾಸಬಲದಿಂದ ವೆಂಡಲ್ ಬಲಗಡೆಯ ಸೀಟಿಗೇ ಹತ್ತಿದ್ದ. ಸ್ಟೀರಿಂಗ್ ತಾಯಿಯ ಮುಂದಿತ್ತು. ಅವನ ಎಡಗಾಲು ಮಾತ್ರ ತನಗೆ ತಾನೇ ಆಚೆ ಚಾಚಿಕೊಂಡು ಪೆಡಲ್ ಹುಡುಕುತ್ತಿತ್ತು.

ಅರ್ಲೀನ್ ಅವನ ಮಂಡಿಯ ಮೇಲೆ ಒಂದು ಏಟು ಹಾಕಿದಳು. "ಕಾಲು ತೆಗಿಯೋ. ಪೆಡಲ್ ನನ್ನದು."